ಮಳೆಯ ಅಳತೆಗೆ ಕಟ್ಟಿದ ಪೇಟೆಗಳು

ದಾವಣಗೆರೆ ಜಿಲ್ಲೆಯ ನಕ್ಷೆಯನ್ನು ಮುಂದೆ ಹರಡಿಕೊಂಡು, ಪಶ್ಚಿಮದ ನ್ಯಾಮತಿಯಿಂದ ತೊಡಗಿ ಹೊನ್ನಾಳಿ ಚನ್ನಗಿರಿಗಳನ್ನು ಹಾದು ಈಶಾನ್ಯದ ಜಗಳೂರಿನವರೆಗೆ ಬೆರಳೊಯ್ದರೆ, ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಮೊದಲನೆಯದಕ್ಕೂ ಕಡೆಯದಕ್ಕೂ ನೇರ ಗೆರೆಯಲ್ಲಿ ಸುಮಾರು 90 ಕಿಲೋಮೀಟರು ಮಾತ್ರ ಅಂತರವಿರುವುದು ತಿಳಿಯುತ್ತದೆ. ಆ ಅಲ್ಪವಾದ ಅಂತರದೊಳಗೆ ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ತೆರೆದುಕೊಳ್ಳುತ್ತದೆ. ತೇಗ ಮತ್ತಿಗಳ ಕಾಡು ಹಿಂದಾಗಿ ಜಾಲಿ ಬೇವುಗಳ ಬಯಲು ಮುಂದಾಗುತ್ತದೆ. ಅದರೊಡನೆಯೇ ಮನೆಯ ಸೂರೂ ತನ್ನ ಸ್ವರೂಪವನ್ನು ಬದಲಿಸಿ, ಇಳಿಜಾರಾದ ಹೆಂಚಿನಿಂದ ಮಟ್ಟಸವಾದ ಮಣ್ಣಿನ ಮಾಳಿಗೆಯಾಗುತ್ತದೆ. ಪುಸ್ತಕವನ್ನೇ ತೆರೆಯದೆ, ಈ ನಾಲ್ಕು ಊರುಗಳ ಹಳೆಯ ಪೇಟೆಬೀದಿಗಳಲ್ಲಿ ತಲೆಯೆತ್ತಿ ನಡೆದವನೊಬ್ಬನು ಆಯಾ ಸೀಮೆಯಲ್ಲಿ ಎಷ್ಟು ಮಳೆ ಬೀಳುತ್ತದೆ, ಯಾವ ಮರ ಬೆಳೆಯುತ್ತದೆ, ಯಾವ ಸರಕು ಮಾರಾಟವಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ಸರಿಯಾಗಿಯೇ ಹೇಳಬಲ್ಲನು.

ಇಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ನಾವು ಐತಿಹಾಸಿಕ ವಾಸ್ತುವೆಂದು ಗಣಿಸದೆ ಬಂದಿದ್ದೇವೆ. ನಮ್ಮಲ್ಲಿ ಐತಿಹಾಸಿಕ ಕಟ್ಟಡವೆಂದರೆ ಕೋಟೆ, ದೇವಾಲಯ, ಪುಷ್ಕರಿಣಿ, ಮಠ. ಉಳಿದದ್ದೆಲ್ಲವೂ ಹಳೆಯ ಮನೆ, ಅಷ್ಟೆ. ಬಿ.ಎಲ್. ರೈಸ್ ಅವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ, ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಹೊನ್ನಾಳಿ ಚನ್ನಗಿರಿ ತಾಲ್ಲೂಕುಗಳ, ಹನ್ನೊಂದನೆಯ ಸಂಪುಟದಲ್ಲಿ ಜಗಳೂರೂ ಒಳಗೊಂಡ ಚಿತ್ರದುರ್ಗ ಸೀಮೆಯ ಶಾಸನಗಳನ್ನು ಊರೂರಿಗೆ ಲೆಕ್ಕವಿಟ್ಟು ಅಚ್ಚುಮಾಡಿಸಿದರು. ವೀರಗಲ್ಲೊಂದು ಹೊಲದ ಬದುವಿನಲ್ಲಿ ಬೋರಲಾಗಿ ಬಿದ್ದಿದ್ದರೂ ಅದಕ್ಕೊಂದು ಕ್ರಮಸಂಖ್ಯೆ ದೊರೆಯಿತು. ಆದರೆ ಮೂರು ನಾಲ್ಕು ತಲೆಮಾರುಗಳ ವ್ಯಾಪಾರ, ಬಾಣಂತನ, ಮದುವೆ, ಪಂಚಾಯಿತಿಗಳನ್ನು ಕಂಡ ಪೇಟೆಯ ಮನೆಗಳಿಗೆ ಪುರಾಡಳಿತದ ಕಂದಾಯದ ಸಂಖ್ಯೆಯ ಹೊರತು ಬೇರೆ ಲೆಕ್ಕವಿಲ್ಲ. ಆ ಲೆಕ್ಕವನ್ನು ಇಡಬೇಕಾದ ಕಾಲವು ಮೀರುತ್ತಿದೆಯೆಂಬುದೇ ಈ ಲೇಖನದ ಮುಖ್ಯವಾದ ಮಾತು.

ಕೋಟೆಕೊತ್ತಲಗಳ ಮಹಿಮೆಯನ್ನು ಕಡಮೆಮಾಡುವ ಉದ್ದೇಶ ನನಗಿಲ್ಲ. ಚನ್ನಗಿರಿಯ ಗುಡ್ಡದ ಮೇಲಿನ ಕೋಟೆ, ಅದರೊಳಗಿನ ರಂಗನಾಥನ ಗುಡಿ, ಊರಿಗೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಬಂದಿತೆಂಬ ಪ್ರತೀತಿ—ಇವೆಲ್ಲ ಆ ಊರಿನವರ ಅಭಿಮಾನಕ್ಕೆ ಸಕಾರಣವಾಗಿಯೇ ಪಾತ್ರವಾಗಿವೆ. ಅದೇ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಿಣಿಯಂತೂ ಕರ್ಣಾಟಕದಲ್ಲಿಯೇ ಅಪೂರ್ವವಾದದ್ದು. ಮುಂದೆ ತರೀಕೆರೆಯ ಪಾಳೆಯಗಾರರೆಂದು ಹೆಸರಾದ ಮನೆತನದ ಹನುಮಪ್ಪ ನಾಯಕನು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದನೆನ್ನುವ ಈ ಕೊಳದ ನಾಲ್ಕೂ ಕಡೆಗಳಲ್ಲಿ ಕಡೆದ ಕಲ್ಲಿನ ಮೆಟ್ಟಿಲುಗಳು ಸಾಲುಸಾಲಾಗಿ ನೀರಿಗಿಳಿಯುತ್ತವೆ. ಮೂಲೆಗಳಲ್ಲಿ ಪುಟ್ಟ ಮಂಟಪಗಳು. ನೀರಿನ ನಟ್ಟನಡುವೆ ವಸಂತಮಂಟಪ. ಈ ಮಂಟಪದ ಕಮಾನುಗಳೂ ಶಿಖರವೂ ವಿಜಯನಗರದ ಶಿಲ್ಪಿಗೂ ಬಿಜಾಪುರದ ಗಾರೆಯವನಿಗೂ ಸಮಾನವಾಗಿ ಋಣಿಯಾಗಿವೆ. ದಡದಲ್ಲಿ ಜನರು ಮುಸಾಫಿರಖಾನೆಯೆಂದು ಕರೆಯುವ ವಿಶಾಲವಾದ ಕಮಾನಿನ ಹಜಾರವಿದೆ. ಬಿಜಾಪುರದ ಸೇನಾನಿ ರಣದುಲ್ಲಾಖಾನನ ದಂಡಯಾತ್ರೆಯ ಕತೆಯನ್ನು ಊರವರು ಅದಕ್ಕೆ ಹೊಂದಿಸಿ ಹೇಳುತ್ತಾರೆ. ಇವೆರಡೂ ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಕಾವಲುಂಟು, ಬೇಲಿಯುಂಟು, ನೀಲಿ ಫಲಕವುಂಟು. ಆದರೆ ಸಂತೇಬೆನ್ನೂರಿನಲ್ಲಿ ಬೆರೆತ ಆ ಎರಡು ಸಂಪ್ರದಾಯಗಳು ಪುಷ್ಕರಿಣಿಯ ಮೆಟ್ಟಿಲಿನಲ್ಲಿಯೇ ನಿಂತುಹೋಗಲಿಲ್ಲ. ಈ ಸೀಮೆಯ ಹಳೆಯ ಮನೆಗಳ ಪಡಸಾಲೆಯ ಗೋಡೆಯಲ್ಲಿ ದೀಪವಿಡುವ ಗೂಡನ್ನು ನೋಡಿರಿ: ಕೆಳಗೆ ಪದ್ಮದ ಪೀಠ, ಮೇಲೆ ಎಸಳೆಸಳಾಗಿ ಮೂಡಿದ ಕಮಾನು. ಅರಮನೆಯಲ್ಲಿ ಕಲಿತ ಕೈ ಬಡವನ ಗೋಡೆಯಲ್ಲಿಯೂ ಅದೇ ವಿದ್ಯೆಯನ್ನು ತೋರಿದ್ದಕ್ಕೆ ಇದು ಪ್ರಮಾಣ.

ಈ ನಾಲ್ಕು ಊರುಗಳಿಗೂ ಸಮಾನವಾದ ಒಂದು ಸಂಗತಿಯಿದೆ. ಅದನ್ನು ಬಿಟ್ಟು ಇವುಗಳ ವಾಸ್ತುವನ್ನು ಅರ್ಥಮಾಡಿಕೊಳ್ಳಲಾಗದು. ಇವು ಯಾವುವೂ ರೈಲುಮಾರ್ಗದ ಮೇಲೆ ಬೆಳೆದ ಊರುಗಳಲ್ಲ. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಉಗಿಬಂಡಿಯು ಬಂದದ್ದು ದಾವಣಗೆರೆ ಹರಿಹರಗಳಿಗೆ, ಅತ್ತ ಬೀರೂರಿನ ಕಡೆಯಿಂದ ಶಿವಮೊಗ್ಗೆಗೆ. ಅಲ್ಲಿಂದ ಈ ಪೇಟೆಗಳಿಗೆ ಸರಕು ಬರುತ್ತಿದ್ದದ್ದೂ ಇಲ್ಲಿಂದ ಹೋಗುತ್ತಿದ್ದದ್ದೂ ಎತ್ತಿನ ಗಾಡಿಯಲ್ಲಿ. ಹರಿಹರದಲ್ಲಿ ತುಂಗಭದ್ರೆಗೆ 14 ಕಮಾನುಗಳ ಸೇತುವೆಯು 1868ರಲ್ಲಿ ಸಿದ್ಧವಾದ ಮೇಲೆ ಗಾಡಿಯ ದಾರಿ ಇನ್ನಷ್ಟು ಸುಗಮವಾಯಿತು. ಮಲೆನಾಡಿನ ಅಡಕೆ, ಬೆಲ್ಲ, ಮೆಣಸುಗಳು ಪೂರ್ವಕ್ಕೂ, ಬಯಲಿನ ಜೋಳ, ಹತ್ತಿ, ಕಂಬಳಿ, ಬಟ್ಟೆಗಳು ಪಶ್ಚಿಮಕ್ಕೂ ಸಾಗುವ ಹಾದಿಯಲ್ಲಿ ಎತ್ತು ಬಿಡಿಸಿ, ರಾತ್ರಿ ಕಳೆದು, ಲೆಕ್ಕ ಚುಕ್ತಾ ಮಾಡಿಕೊಂಡು ಹೊರಡುವ ತಂಗುದಾಣಗಳಾಗಿ ಈ ಪೇಟೆಗಳು ಬೆಳೆದವು. ಆದುದರಿಂದಲೇ ಹಳೆಯ ಪೇಟೆಬೀದಿಯ ಅಗಲವು ಎರಡು ಗಾಡಿಗಳು ಎದುರುಬದುರಾಗಿ ಹಾದುಹೋಗುವಷ್ಟು. ಅಂಗಡಿಯ ಕಟ್ಟೆಯ ಎತ್ತರವು ಗಾಡಿಯ ಮೂಕಿಗೆ ಒಗ್ಗುವಷ್ಟು. ಚೀಲವನ್ನು ನೆಲಕ್ಕಿಳಿಸದೆ ಗಾಡಿಯಿಂದ ಕಟ್ಟೆಗೆ, ಕಟ್ಟೆಯಿಂದ ಒಳಕೋಣೆಗೆ ಹಮಾಲನ ಬೆನ್ನಿನ ಮೇಲೆ ಸಾಗಿಸುವುದಕ್ಕೆ ಈ ಎತ್ತರವು ಅಗತ್ಯವಾಗಿತ್ತು.

ಆ ಕಟ್ಟೆಯೇ ಜಗಲಿ. ಪೇಟೆಯ ಮನೆಯಲ್ಲಿ ಮುಂಭಾಗ ಅಂಗಡಿ, ಹಿಂಭಾಗ ಸಂಸಾರ. ಇವೆರಡಕ್ಕೂ ಬೀದಿಗೂ ನಡುವೆ ಜಗಲಿ. ಅದು ಮನೆಯವರದೂ ಹೌದು, ಊರಿನದೂ ಹೌದು. ಮುಂಜಾನೆ ಅದರ ಮೇಲೆ ಹಾಲಿನವಳು ಬುಟ್ಟಿಯಿಳಿಸುತ್ತಾಳೆ, ಮಧ್ಯಾಹ್ನ ದಣಿದ ಹಳ್ಳಿಯವನು ತುಂಡು ಹಾಸಿ ಮಲಗುತ್ತಾನೆ, ಸಂಜೆ ಯಜಮಾನರು ಕುಳಿತು ಎಲೆಯಡಕೆ ಹಾಕುತ್ತಾರೆ. ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಜಗಲಿಯ ಅಂಚಿನಲ್ಲಿ ಮರದ ಕಂಬಗಳ ಸಾಲು, ಪ್ರತಿಯೊಂದು ಕಂಬದ ಬುಡಕ್ಕೆ ಗೆದ್ದಲು ಏರದಂತೆ ಕಲ್ಲಿನ ಪೀಠ, ತಲೆಗೆ ಬೋದಿಗೆ. ಬೋದಿಗೆಯ ಎರಡು ತುದಿಗಳಲ್ಲಿ ಕೆಳಮುಖವಾಗಿ ಇಳಿಬಿದ್ದ ಬಾಳೆಹೂವಿನ ಮೊಗ್ಗು, ಕೆಲವು ಕಡೆ ಗಿಳಿ. ಮನೆಯ ವಿಸ್ತಾರವನ್ನು ಅಡಿಯ ಲೆಕ್ಕದಲ್ಲಿ ಹೇಳುವ ಪದ್ಧತಿ ಆಗ ಇರಲಿಲ್ಲ. ತೊಲೆಯಿಂದ ತೊಲೆಗೆ ಇರುವ ಅಂಕಣವೇ ಅಳತೆ. ‘ಏಳು ಅಂಕಣದ ಮನೆ’ ಎಂದರೆ ಸಾಕು, ಕೇಳಿದವನಿಗೆ ಮನೆಯ ಉದ್ದ, ಮನೆತನದ ಸ್ಥಿತಿ, ಹೆಣ್ಣು ಕೊಡಬಹುದೇ ಬೇಡವೇ ಎಂಬುದು ಸಹ ಒಟ್ಟಿಗೇ ತಿಳಿದುಹೋಗುತ್ತಿತ್ತು.

ಪೇಟೆಯ ವಾಸ್ತುವಿನಲ್ಲಿ ನನಗೆ ಅತ್ಯಂತ ಪ್ರಿಯವಾದುದು ಹಲಗೆಬಾಗಿಲು. ಮೇಲಿನ ಅಡ್ಡಪಟ್ಟಿಯಲ್ಲಿಯೂ ಕೆಳಗಿನ ಹೊಸ್ತಿಲಿನಲ್ಲಿಯೂ ಉದ್ದಕ್ಕೆ ಕೊರೆದ ಕಾಲುವೆ; ಆ ಕಾಲುವೆಯೊಳಗೆ ಒಂದೊಂದಾಗಿ ನೆಟ್ಟಗೆ ನಿಲ್ಲಿಸುವ ಎಂಟೋ ಹತ್ತೋ ಹಲಗೆಗಳು. ಪ್ರತಿ ಹಲಗೆಯ ಮೇಲ್ತುದಿಯಲ್ಲಿ ಬಡಗಿಯು ಉಳಿಯಿಂದ ಕೆತ್ತಿದ ಅಂಕಿ, ಒಂದು, ಎರಡು, ಮೂರು ಎಂದು ಕನ್ನಡದಲ್ಲಿಯೇ; ಏಕೆಂದರೆ ಮೂರನೆಯದು ನಾಲ್ಕನೆಯದರ ಜಾಗದಲ್ಲಿ ಕೂರದು. ಕಡೆಯ ಹಲಗೆಯನ್ನು ಕೂರಿಸಿ, ಎಲ್ಲಕ್ಕೂ ಅಡ್ಡಲಾಗಿ ಕಬ್ಬಿಣದ ಪಟ್ಟಿಯನ್ನು ಇಳಿಸಿ ಬೀಗವಿಕ್ಕಿದರೆ ಅಂಗಡಿಯು ಗೋಡೆಯಾಗುತ್ತದೆ. ಮರುದಿನ ಬೆಳಗ್ಗೆ ಹಲಗೆಗಳನ್ನು ತೆಗೆದು ಮೂಲೆಗೊರಗಿಸಿದರೆ ಗೋಡೆಯೇ ಇಲ್ಲದಂತಾಗಿ, ಒಳಗಿನ ಬೇಳೆಯ ಮೂಟೆಗಳು, ತಕ್ಕಡಿ, ಲಕ್ಷ್ಮಿಯ ಪಟ, ಗಲ್ಲಾಪೆಟ್ಟಿಗೆ ಯಾವತ್ತೂ ಬೀದಿಗೆ ತೆರೆದುಕೊಳ್ಳುತ್ತವೆ. ಎರಡು ಹಲಗೆ ತೆಗೆದಿದ್ದರೆ ಮನೆಯಲ್ಲಿ ಸೂತಕವೋ ಅನಾರೋಗ್ಯವೋ ಇದೆಯೆಂದು ಗಿರಾಕಿಯು ಊಹಿಸಿಕೊಂಡು, ಬೇಕಾದದ್ದನ್ನು ಮೆಲ್ಲಗೆ ಕೇಳಿ ಪಡೆದು ಹೋಗುತ್ತಿದ್ದನು. ಈಗಿನ ರೋಲಿಂಗ್ ಷಟರಿಗೆ ತೆರೆಯುವುದೂ ಮುಚ್ಚುವುದೂ ಗೊತ್ತು. ಅರ್ಧ ತೆರೆದ ಅಂಗಡಿಯ ಆ ಮರ್ಯಾದೆ ಅದಕ್ಕೆ ಗೊತ್ತಿಲ್ಲ.

ಸೂರಿನ ಮಾತಿಗೆ ಬರೋಣ. ನ್ಯಾಮತಿಯು ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು ಕೆಲವೇ ವರ್ಷಗಳ ಕೆಳಗೆ ಸ್ವತಂತ್ರ ತಾಲ್ಲೂಕಾಯಿತು. ಇವೆರಡೂ ಶಿವಮೊಗ್ಗದ ಮಗ್ಗುಲಿನವು. ಬೆಳಗುತ್ತಿಯಲ್ಲಿ ಸಿಂದರು ಆಳಿದ ಕಾಲದಿಂದಲೂ ಈ ಭಾಗವು ಮಲೆನಾಡಿಗೂ ಬಯಲಿಗೂ ನಡುವಣ ಹೆಬ್ಬಾಗಿಲಾಗಿತ್ತು. ಮುಂಗಾರು ಇಲ್ಲಿ ಹಿಡಿದರೆ ವಾರಗಟ್ಟಲೆ ಬಿಡದು. ಆದುದರಿಂದ ನೀರು ನಿಲ್ಲದೆ ಹರಿದುಹೋಗುವ ಇಳಿಜಾರು ಸೂರು ಅನಿವಾರ್ಯ. ಹಿಂದೆ ಊರಿನ ಕುಂಬಾರನೇ ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಎರಡಾಗಿ ಸೀಳಿ, ಸುಟ್ಟುಕೊಡುತ್ತಿದ್ದ ನಾಡಹೆಂಚುಗಳಿದ್ದವು. ಒಂದರ ಮೇಲೊಂದು ದಪ್ಪವಾಗಿ ಹೊದೆಸಬೇಕಾದ್ದರಿಂದ ಭಾರವೂ ಹೆಚ್ಚು, ಪ್ರತಿ ವರ್ಷ ಮಳೆಗೆ ಮುನ್ನ ಕೈಯಾಡಿಸುವ ಕೆಲಸವೂ ಹೆಚ್ಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದು, ನೇತ್ರಾವತಿಯ ಜೇಡಿಯನ್ನು ಯಂತ್ರದಲ್ಲಿ ಒತ್ತಿ, ಒಂದಕ್ಕೊಂದು ಕೊಂಡಿಯಂತೆ ಕಚ್ಚಿಕೊಳ್ಳುವ ಹೆಂಚನ್ನು ತಯಾರಿಸತೊಡಗಿದ ತರುವಾಯ ಸ್ಥಿತಿಯು ಬದಲಾಯಿತು. ಹಗುರವಾದ ಹೆಂಚಿಗೆ ಹಗುರವಾದ ರೀಪು ಸಾಕು. ಹಗುರವಾದ ರೀಪಿಗೆ ತೆಳುವಾದ ತೊಲೆ ಸಾಕು. ತೊಲೆಯು ತೆಳುವಾದರೆ ಅಂಕಣವನ್ನು ಅಗಲಿಸಬಹುದು, ಅಟ್ಟವನ್ನು ಎತ್ತರಿಸಬಹುದು. ಹೆಂಚೊಂದು ಬದಲಾದುದರಿಂದ ಮನೆಯ ಒಡಲೇ ಬದಲಾಯಿತು. ಹಳೆಯ ಮನೆಯನ್ನು ಕೆಡವುವ ಸ್ಥಳದಲ್ಲಿ ಹೆಂಚೊಂದನ್ನು ಮಗುಚಿ ನೋಡಿದರೆ, ತಯಾರಿಸಿದ ಕಾರ್ಖಾನೆಯ ಹೆಸರೂ ಊರೂ ಉಬ್ಬಕ್ಷರದಲ್ಲಿ ಕಾಣಸಿಗುವುದುಂಟು. ಯಾವ ಮನೆ ಯಾವ ಕಾಲದ್ದೆಂದು ಅಂದಾಜು ಮಾಡುವುದಕ್ಕೆ ಅದೊಂದು ಕಿರುಶಾಸನವೇ ಸರಿ.

ಇಂಥಾದ್ದೇ ಒಂದು ಸಂಗತಿಯು ಅದೇ ಶತಮಾನದಲ್ಲಿ ಅಮೆರಿಕದ ನಡುಪಶ್ಚಿಮ ರಾಜ್ಯಗಳ ಸಣ್ಣ ಪಟ್ಟಣಗಳಲ್ಲಿ ನಡೆಯಿತೆಂಬುದು ಗಮನಾರ್ಹ. ಅಲ್ಲಿ ಇಂಡಿಯಾನಾದ ಇವಾನ್ಸ್‌ವಿಲ್ ಮತ್ತು ಮಿಸೌರಿಯ ಸೇಂಟ್ ಲೂಯಿಸ್ ನಗರಗಳಲ್ಲಿದ್ದ ಮೆಸ್ಕರ್ ಮನೆತನದ ಕಾರ್ಖಾನೆಗಳು ಅಂಗಡಿಯ ಮುಂಭಾಗವನ್ನೇ, ಎಂದರೆ ಎರಕದ ಕಂಬ, ತಗಡಿನ ಸೂರಂಚು, ಕಿಟಕಿಯ ಚೌಕಟ್ಟುಗಳನ್ನು ಬಿಡಿಬಿಡಿಯಾಗಿ ತಯಾರಿಸಿ, ಕ್ಯಾಟಲಾಗು ನೋಡಿ ಕಾಗದ ಬರೆದ ವರ್ತಕನಿಗೆ ರೈಲಿನಲ್ಲಿ ಕಳುಹಿಸುತ್ತಿದ್ದವು. ದೂರದ ಕಾರ್ಖಾನೆಯ ವಸ್ತು, ಸ್ಥಳೀಯ ಮೇಸ್ತ್ರಿಯ ಕೈ, ವರ್ತಕನ ಹಂಬಲ—ಈ ಮೂರೂ ಕೂಡಿ ಅಲ್ಲಿನ ಮುಖ್ಯಬೀದಿಗಳು ಹುಟ್ಟಿದವು. ಇಲ್ಲಿನ ಪೇಟೆಬೀದಿಗಳೂ ಹಾಗೆಯೇ.

ಹೊನ್ನಾಳಿಗೆ ಮಳೆಯೊಂದೇ ಅಲ್ಲ, ಹೊಳೆಯೂ ಉಂಟು. ಕೂಡಲಿಯಲ್ಲಿ ಸಂಗಮವಾದ ತುಂಗಭದ್ರೆಯು ಉತ್ತರಕ್ಕೆ ಹರಿದು ಈ ಊರಿನ ಮಗ್ಗುಲಲ್ಲೇ ಸಾಗುತ್ತದೆ. ಪ್ರವಾಹದ ವರ್ಷಗಳಲ್ಲಿ ಬಾಲರಾಜ್ ಘಾಟಿನ ಮನೆಗಳಿಗೆ ನೀರು ನುಗ್ಗಿತೆಂಬ ವಾರ್ತೆ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ನದಿಯ ದಡದ ಊರಿನಲ್ಲಿ ಹಸಿ ಇಟ್ಟಿಗೆಯ ಗೋಡೆ ನಿಲ್ಲಬೇಕಾದರೆ ಕೆಳಗೆ ಕಲ್ಲಿನ ಕಟ್ಟಡವಿರಬೇಕು. ಹಿರೇಕಲ್ಮಠದಂಥ ಪ್ರಾಚೀನ ಸಂಸ್ಥೆಗಳ ಜೊತೆಗೆ ಸಾಮಾನ್ಯರ ಮನೆಗಳೂ ಅಲ್ಲಿ ಕಲ್ಲಿನ ತಳಪಾಯವನ್ನು ಎತ್ತರವಾಗಿ ಕಟ್ಟಿಕೊಂಡದ್ದಕ್ಕೆ ಇದೇ ಕಾರಣ.

ಇನ್ನು ಜಗಳೂರು. 1997ರಲ್ಲಿ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ ದಾವಣಗೆರೆ ಜಿಲ್ಲೆಯು ಹುಟ್ಟುವವರೆಗೂ ಜಗಳೂರು ಚಿತ್ರದುರ್ಗದ ಕಡೆಗೇ ಸೇರಿತ್ತು. ಅದರ ಮನೆಗಳು ಇನ್ನೂ ಆ ಕಡೆಗೇ ಸೇರಿವೆ. ಬರಗಾಲಕ್ಕೆ ಹೆಸರಾದ ಈ ತಾಲ್ಲೂಕಿನಲ್ಲಿ ಇಳಿಜಾರು ಸೂರಿನ ಅಗತ್ಯವಿಲ್ಲ. ಬೇಕಾದದ್ದು ಬಿಸಿಲಿನಿಂದ ರಕ್ಷಣೆ. ದಪ್ಪವಾದ ಕಲ್ಲುಮಣ್ಣಿನ ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಒತ್ತೊತ್ತಾಗಿ ಸೀಳಿದ ಚಕ್ಕೆ, ಚಕ್ಕೆಯ ಮೇಲೆ ಸೊಪ್ಪಿನ ಹಾಸು, ಅದರ ಮೇಲೆ ನಾದಿದ ಮಣ್ಣು, ಎಲ್ಲಕ್ಕೂ ಮೇಲೆ ಕರಲು. ಈ ಕರಲು ಮಣ್ಣಿನ ಗುಣವು ವಿಚಿತ್ರವಾದುದು. ಸೋಡಿಯಮ್ ಲವಣಗಳು ಅಧಿಕವಾಗಿರುವ ಇದರ ಅತಿಸೂಕ್ಷ್ಮ ಕಣಗಳು ಮೊದಲ ಮಳೆಯ ನೀರಿನಲ್ಲಿ ಚೆದರಿ, ಕೆಳಗಿನ ಮಣ್ಣಿನ ರಂಧ್ರಗಳೊಳಗೆ ಹೊಕ್ಕು, ಅವುಗಳನ್ನು ಮುಚ್ಚಿಬಿಡುತ್ತವೆ. ಬಳಿಕ ಬಿದ್ದ ನೀರು ಒಳಗಿಳಿಯದೆ ಗೋಡೆಯಂಚಿನ ದೋಣಿಯ ಮೂಲಕ ಬೀದಿಗೆ ಬೀಳುತ್ತದೆ. ಯಾವ ಗುಣದಿಂದ ಆ ಮಣ್ಣು ಹೊಲದಲ್ಲಿ ಬೆಳೆಗೆ ವೈರಿಯೋ ಅದೇ ಗುಣದಿಂದ ಮನೆಯ ಮೇಲೆ ಅದು ಬಂಧು. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಹೊಸ ಕರಲನ್ನು ತಂದು ಹರಡಿ, ಬಿರುಕುಗಳನ್ನು ಮುಚ್ಚಿ, ಹುಲ್ಲಿನ ಬೇರುಗಳನ್ನು ಕಿತ್ತು ಹಾಕುವುದು ಮನೆಮಂದಿಯ ಕೆಲಸ. ಮಾಳಿಗೆಯ ನಡುವೆ ಬೆಳಕಿಂಡಿ. ಮೋಡ ಕವಿದೊಡನೆ ಯಾರಾದರೂ ಹುಡುಗನು ಏಣಿಯೇರಿ ಅದಕ್ಕೆ ಕಲ್ಲುಚಪ್ಪಡಿಯನ್ನೋ ಹಳೆಯ ಬಾನಿಯನ್ನೋ ಮುಚ್ಚಬೇಕು. ಅದೇ ಮಾಳಿಗೆಯ ಮೇಲೆ ಸುಗ್ಗಿಯಲ್ಲಿ ಮೆಣಸಿನಕಾಯಿ, ಶೇಂಗಾಗಳು ಒಣಗುತ್ತವೆ. ಬೇಸಗೆಯಲ್ಲಿ ಮನೆಯವರೆಲ್ಲ ಮಲಗುತ್ತಾರೆ. ವೈಶಾಖದ ಮಧ್ಯಾಹ್ನ ಇಂಥ ಮನೆಯೊಳಗೆ ಕಾಲಿಟ್ಟವನಿಗೆ, ಪಕ್ಕದ ಸಿಮೆಂಟಿನ ಮನೆಯಲ್ಲಿ ಫ್ಯಾನು ತಿರುಗಿದರೂ ದೊರೆಯದ ತಂಪು ದೊರೆಯುತ್ತದೆ. ಇದನ್ನು ಅನುಭವಿಸದೆ ಮಣ್ಣಿನ ಮನೆಯು ಬಡತನದ ಗುರುತೆಂದು ಹೇಳತಕ್ಕವರ ಮಾತನ್ನು ನಾನು ಒಪ್ಪಲಾರೆನು.

ಚನ್ನಗಿರಿಯು ಇವೆರಡು ಲೋಕಗಳ ನಡುವೆ ನಿಂತಿದೆ. ಅಲ್ಲಿ ಹೆಂಚೂ ಉಂಟು, ತಾರಸಿಯೂ ಉಂಟು. ಸುಣ್ಣವನ್ನು ಎತ್ತಿನ ಗಾಣದ ಕಲ್ಲುಚಕ್ರದಡಿ ಮರಳಿನೊಡನೆ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರಸಿ ಮಾಡಿದ ಗಾರೆಯಲ್ಲಿ, ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಹೊದೆಸಿದ ಮದ್ರಾಸ್ ತಾರಸಿಯು ಮೈಸೂರು ಸಂಸ್ಥಾನದ ಕಚೇರಿಗಳಿಂದ ಊರಿನ ಅನುಕೂಲಸ್ಥರ ಮನೆಗಳಿಗೆ ಇಳಿದುಬಂದಿತು. ಊರಿನ ಐಶ್ವರ್ಯಕ್ಕೆ ಮೂಲ ಅಡಕೆ. ಈಗಲೂ ಅಡಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸಿನ ಹೆಸರನ್ನು ಕೇಳದ ತೋಟದವರಿಲ್ಲ. ಸುಲಿದು ಬೇಯಿಸಿದ ಅಡಕೆಗೆ ಒಣಗುವ ಅಂಗಳ, ತೇವವಿಲ್ಲದ ಅಟ್ಟ, ಕಾವಲಿಗೆ ಗಟ್ಟಿಯಾದ ಬಾಗಿಲು ಬೇಕು. ಅಂಥ ಮನೆಯ ಒಳವಿನ್ಯಾಸವನ್ನು ಬೆಳೆಯೇ ನಿರ್ಣಯಿಸಿತೆಂದರೆ ತಪ್ಪಾಗದು.

ಆ ಬೆಳೆಯೇ ಈಗ ಆ ಮನೆಗಳನ್ನು ಕೆಡವುತ್ತಲೂ ಇದೆ. 1960ರ ದಶಕದಿಂದೀಚೆಗೆ ಭದ್ರಾ ಜಲಾಶಯದ ಕಾಲುವೆಗಳು ಚನ್ನಗಿರಿ ಹೊನ್ನಾಳಿಗಳ ಬಯಲಿಗೆ ನೀರನ್ನು ತಂದವು, ಮೊದಲು ಭತ್ತ, ತರುವಾಯ ಅಡಕೆ, ಹಣ ಬಂದಿತು, ಹಣದೊಡನೆ ಸಿಮೆಂಟೂ ಕಬ್ಬಿಣವೂ ಬಂದವು. ಅಣ್ಣತಮ್ಮಂದಿರ ಪಾಲಿನಲ್ಲಿ ಏಳು ಅಂಕಣದ ಮನೆಯು ಎರಡೂವರೆ, ಎರಡೂವರೆ, ಎರಡಾಗಿ ಸೀಳಿತು. ಒಬ್ಬನು ಕೆಡವಿದರೆ ಉಳಿದವರ ತೊಲೆಗೆ ಆಧಾರ ತಪ್ಪುತ್ತದೆ, ಆಗ ಅವರೂ ಕೆಡವಬೇಕು. ಸಂಸಾರವಂದಿಗನು ಗಟ್ಟಿಯಾದ ಮನೆಯನ್ನು ಬಯಸುವುದರಲ್ಲಿ ದೋಷವಿಲ್ಲ. ಆದರೆ ರಸ್ತೆಯ ಅಗಲೀಕರಣದ ವಿಷಯದಲ್ಲಿ ನಾನು ಇಷ್ಟು ಉದಾರವಾಗಿರಲಾರೆನು. ಬೀದಿಯನ್ನು ಅಗಲಿಸುವಾಗ ಮೊದಲು ಹೋಗುವುದು ಜಗಲಿ. ಜಗಲಿಯು ಹೋದರೆ ಕಂಬ, ಬೋದಿಗೆ, ಹಲಗೆಬಾಗಿಲು ಎಲ್ಲವೂ ಹೋಗುತ್ತವೆ. ಉಳಿಯುವುದು ಬಾಯಿ ಕಿತ್ತ ಪಡಸಾಲೆ. ಲಾರಿಗಳಿಗೆ ಊರ ಹೊರಗಿನ ದಾರಿಯನ್ನು ಮಾಡಿಕೊಟ್ಟು ಪೇಟೆಯನ್ನು ಪೇಟೆಯಾಗಿಯೇ ಬಿಡಬಹುದೆಂಬ ಆಲೋಚನೆಯು ಮೊದಲು ಬರಬೇಕಾಗಿತ್ತು.

ಕಾನೂನಿನಿಂದ ಇಲ್ಲಿ ಹೆಚ್ಚಿನ ಸಹಾಯವನ್ನು ನಿರೀಕ್ಷಿಸುವಂತಿಲ್ಲ. 1958ರ ಕೇಂದ್ರ ಶಾಸನವಾಗಲಿ 1961ರ ರಾಜ್ಯ ಶಾಸನವಾಗಲಿ ಸಾರಿದ ಸ್ಮಾರಕಗಳನ್ನು ಕಾಯುತ್ತವೆ. 2010ರ ತಿದ್ದುಪಡಿಯು ಕೇಂದ್ರ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿ, ಮುಂದಿನ 200 ಮೀಟರಿಗೆ ನಿರ್ಬಂಧವನ್ನು ವಿಧಿಸಿತು. ಜನರು ಬಾಳುತ್ತ, ಮಾರುತ್ತ, ಕೊಳ್ಳುತ್ತ ಇರುವ ಒಂದು ಬೀದಿಯನ್ನು ಹೀಗೆ ಬೇಲಿಯೊಳಗೆ ಇಡಲಾಗದು, ಇಡಲೂ ಕೂಡದು. ಅದಕ್ಕೆ ಬೇರೆಯ ಉಪಾಯ ಬೇಕು. 1977ರಲ್ಲಿ ಅಮೆರಿಕದ ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ನ್ಯಾಸವು ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ದಕ್ಷಿಣ ಡಕೋಟಾದ ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಊರುಗಳನ್ನು ಆರಿಸಿಕೊಂಡು ಪರೀಕ್ಷಾರ್ಥವಾಗಿ ಕೈಗೊಂಡ ಕೆಲಸವು ಈ ಉಪಾಯಕ್ಕೆ ಸಮೀಪವಾದುದು. ಊರ ಹೊರಗಿನ ದೊಡ್ಡ ಮಳಿಗೆಗಳಿಂದ ಹಳೆಯ ಬೀದಿಗಳು ಬಡವಾಗುತ್ತಿದ್ದ ಕಾಲವದು. ಕಟ್ಟಡದ ರಕ್ಷಣೆಯನ್ನೂ ಅಂಗಡಿಯ ವ್ಯಾಪಾರವನ್ನೂ ಬೇರೆಬೇರೆಯಾಗಿ ನೋಡದೆ, ಊರಿಗೊಬ್ಬ ವ್ಯವಸ್ಥಾಪಕನನ್ನು ಗೊತ್ತುಮಾಡಿ, ವರ್ತಕರನ್ನು ಒಂದುಗೂಡಿಸಿ, ಮುಂಭಾಗವನ್ನು ಹೇಗೆ ದುರಸ್ತಿ ಮಾಡಬೇಕೆಂಬ ಸಲಹೆಯನ್ನು ಕೊಡುವುದು ಅವರ ಕ್ರಮವಾಗಿತ್ತು. ವ್ಯಾಪಾರವು ಉಳಿದರೆ ಕಟ್ಟಡವೂ ಉಳಿಯುತ್ತದೆ. ಗಿರಾಕಿಯಿಲ್ಲದ ಅಂಗಡಿಯ ಸೂರನ್ನು ಯಾವ ಇಲಾಖೆಯೂ ಕಾಯಲಾರದು.

ನಮ್ಮ ನಾಲ್ಕು ಪೇಟೆಗಳಿಗೆ ಮೊದಲು ಆಗಬೇಕಾದದ್ದು ಎಣಿಕೆ. ಪುರಾಡಳಿತದ ಕಂದಾಯದ ಪುಸ್ತಕವನ್ನೇ ಆಧಾರವಾಗಿಟ್ಟುಕೊಂಡು, ದಾವಣಗೆರೆ ಶಿವಮೊಗ್ಗಗಳ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಬೀದಿಬೀದಿಗೆ ಹೋಗಿ, ಪ್ರತಿ ಹಳೆಯ ಮನೆಯ ಅಂಕಣಗಳನ್ನು ಅಳೆದು, ಜಗಲಿಯ ಕಂಬಗಳನ್ನು ಬಿಡಿಸಿ, ಹೆಂಚಿನ ಹೆಸರನ್ನೂ ಗಾರೆಯ ಬಗೆಯನ್ನೂ ಬರೆದುಕೊಂಡು, ಮನೆಯ ಹಿರಿಯರು ಹೇಳುವ ಕಾಲವನ್ನು ಗುರುತು ಹಾಕಿಕೊಂಡರೆ ಸಾಕು. ಬೋದಿಗೆ ಕೆತ್ತಬಲ್ಲ ಬಡಗಿಗಳೂ ಮಾಳಿಗೆಯನ್ನು ಕಟ್ಟಬಲ್ಲ ಮೇಸ್ತ್ರಿಗಳೂ ಈ ಸೀಮೆಯಲ್ಲಿ ಬೆರಳೆಣಿಕೆಯಷ್ಟಾದರೂ ಉಳಿದಿರುವಾಗಲೇ ಇದು ನಡೆಯಬೇಕು. ಯಾವ ಜಂತೆಗೆ ಯಾವ ಸೊಪ್ಪು ಹಾಸಬೇಕೆಂಬುದು ನಕ್ಷೆಯಲ್ಲಿ ಬರೆಯಲು ಬಾರದ ವಿದ್ಯೆ. ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ಜಗಳೂರಿನಿಂದ ಎನ್ನುತ್ತೇನೆ. ಮಂಗಳೂರು ಹೆಂಚು ಒಡೆದರೆ ಒಂದನ್ನು ತೆಗೆದು ಇನ್ನೊಂದನ್ನು ಹೊದೆಸಬಹುದು, ನ್ಯಾಮತಿಯ ಸೂರು ಇನ್ನೂ ಕೆಲವು ಕಾಲ ತಾಳಿಕೊಂಡೀತು. ಆದರೆ ಮನೆಯವರು ಊರು ಬಿಟ್ಟು ಎರಡು ಮೂರು ವರ್ಷ ಕರಲು ಹಾಕದೆ ಹೋದರೆ, ನೀರಿಳಿದು ಜಂತೆಯು ಕೊಳೆತು ಮಾಳಿಗೆಯು ಒಂದೇ ಮಳೆಗಾಲದಲ್ಲಿ ಕುಸಿಯುತ್ತದೆ, ಗೋಡೆಯ ಮಣ್ಣು ಬೀದಿಯ ಮಣ್ಣಿನೊಡನೆ ಬೆರೆತುಹೋಗುತ್ತದೆ, ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ.